ಡಿಸ್ಕ್ ಒತ್ತಿ ಕಾಲು ಸೋತರೆ ಕೂಡಲೇ ಆಪರೇಷನ್ ಬೇಕೇ?

ಒಂದು ವಿಷಯವನ್ನು ಮೊದಲೇ ಬದಿಗಿಡೋಣ. ಮೂತ್ರ ಕಟ್ಟಿಕೊಂಡರೆ ಅಥವಾ ಅರಿವಿಲ್ಲದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಗುದ-ಜನನಾಂಗದ ಸುತ್ತ ಮುಟ್ಟಿದ್ದು ತಿಳಿಯದಿದ್ದರೆ ಅಲ್ಲಿ ಪರ-ವಿರೋಧವೇ ಇಲ್ಲ. ಅದು ಬೆನ್ನುಹುರಿಯ ತುದಿಯ ನರಗುಚ್ಛವೇ ಒತ್ತಿಹೋದ, ಕಾಡಾ ಈಕ್ವಿನಾ ಎಂಬ ತುರ್ತು ಸ್ಥಿತಿ. ನಡುರಾತ್ರಿಯಾದರೂ ಆಸ್ಪತ್ರೆ ಸೇರಬೇಕು. ಪ್ರಶ್ನೆ ಇರುವುದು ಉಳಿದವರದ್ದು: ಸೊಂಟದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ನರವನ್ನು ಒತ್ತಿ ಒಂದು ಕಾಲು ಜೋಮು ಹಿಡಿದಿದೆ, ಬಲವೂ ಕುಂದಿದೆ. ಕಾಯಬೇಕೇ, ಕೊಯ್ಯಿಸಬೇಕೇ?

ಪರ: ಬಲ ಇಳಿಯುತ್ತಿರುವಾಗ ಕಾಯುವುದು ಯಾವುದಕ್ಕೆ?

ನಮ್ಮಲ್ಲಿ ನೋವಿಗೆ ಸಿಗುವ ಮರ್ಯಾದೆ ಬಲಹೀನತೆಗೆ ಸಿಗುವುದಿಲ್ಲ. ಸೊಂಟದಿಂದ ಮೀನಖಂಡದವರೆಗೆ ಸೆಳೆತ ಬಂದರೆ ಮನೆಮಂದಿಯೆಲ್ಲ ಎಚ್ಚರ. ಅದೇ ಮನುಷ್ಯ "ಹವಾಯಿ ಚಪ್ಪಲಿ ಕಾಲಿಂದ ಜಾರಿದ್ದೇ ಗೊತ್ತಾಗಲ್ಲ ಕಣ್ರೀ" ಅಂದರೆ "ವಿಟಮಿನ್ ಕಮ್ಮಿ ಇರಬೇಕು ಬಿಡಿ" ಎಂಬ ಉತ್ತರ. ಆಮೇಲೆ ಎಣ್ಣೆ ತಿಕ್ಕಿಸಿ, ಬೆಲ್ಟ್ ಕಟ್ಟಿ, ಯಾರೋ ಹೇಳಿದ ನಾಟಿ ವೈದ್ಯರ ಬಳಿ ಸೊಂಟ ಎಳೆಸಿ, ಎಂಆರ್‌ಐ ಮಾಡಿಸುವ ಹೊತ್ತಿಗೆ ಪಾದ ಎತ್ತಲು ಬರುವುದಿಲ್ಲ. ನಡೆದರೆ ಬೆರಳು ನೆಲಕ್ಕೆ ಉಜ್ಜುತ್ತದೆ. ಕಾಯುವುದೆಂದರೆ ನಮ್ಮೂರುಗಳಲ್ಲಿ ಬಹಳ ಸಲ ಇದೇ.

ಡಿಸ್ಕ್ ಹೆಚ್ಚಾಗಿ ಜಾರುವುದು ಸೊಂಟದ ಕೊನೆಯ ಎರಡು ಕಡೆ. ಎಲ್4, ಎಲ್5 ಎಂಬ ಸೊಂಟದ ಕೊನೆಯ ಎರಡು ಮೂಳೆಗಳ ನಡುವಿನದು ಸಾಮಾನ್ಯವಾಗಿ ಎಲ್5 ಎಂಬ ನರವನ್ನು ಒತ್ತುತ್ತದೆ. ಹೆಬ್ಬೆರಳನ್ನೂ ಪಾದವನ್ನೂ ಮೇಲೆತ್ತುವ ಕೆಲಸ ಆ ನರದ್ದು. ಅದರ ಕೆಳಗಿನ ಡಿಸ್ಕ್ ಎಸ್1 ನರವನ್ನು ಒತ್ತಿದರೆ ತುದಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಒತ್ತಡ ಬಹಳ ಕಾಲ ಉಳಿದರೆ ನರತಂತು ಸಾಯುತ್ತದೆ. ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಮೊಣಕಾಲ ಕೆಳಗಿನ ಸ್ನಾಯುವಿಗೆ ಅರ್ಧ ಮೀಟರಿಗೂ ಹೆಚ್ಚು ದಾರಿ. ಲೆಕ್ಕ ನೀವೇ ಹಾಕಿಕೊಳ್ಳಿ. ಅಷ್ಟರಲ್ಲಿ ಸ್ನಾಯು ಸೊರಗಿರುತ್ತದೆ.

ನೋವು ತಟ್ಟನೆ ಇಳಿದು ಬಲ ಮಾತ್ರ ಹೋಗುತ್ತಾ ಬಂದರೆ ಇನ್ನೂ ಅಪಾಯ. ಎಣ್ಣೆ ಕೆಲಸ ಮಾಡಿತು ಎಂದು ಸಂತೋಷಪಡುವವರನ್ನು ನೋಡಿದ್ದೇನೆ. ನರವೇ ಸುಮ್ಮನಾಗಿರಬಹುದು ಎಂಬ ಅನುಮಾನ ಯಾರಿಗೂ ಬರುವುದಿಲ್ಲ.

ಕಾದರೂ ಫಲ ಒಂದೇ ಎನ್ನುವವರು 2007ರ ನೆದರ್ಲೆಂಡ್ಸ್ ಅಧ್ಯಯನವನ್ನು ಮುಂದಿಡುತ್ತಾರೆ. ಕಾಲಿನ ಭಾರವನ್ನೇ ಎತ್ತಲಾಗದಷ್ಟು ಸೋತವರನ್ನು ಅದಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಸೇರಿಸಿಕೊಂಡವರಲ್ಲೂ ಬೇಗ ಆಪರೇಷನ್ ಆದವರು ಸುಮಾರು 4 ವಾರಕ್ಕೆ ಚೇತರಿಸಿಕೊಂಡರೆ ಕಾದವರಿಗೆ 12 ವಾರ ಹಿಡಿಯಿತು. ಆಟೋ ಓಡಿಸುವವರಿಗೆ, ಗಾರೆ ಕೆಲಸದವರಿಗೆ ಆ 8 ವಾರ ಸಣ್ಣದಲ್ಲ. ಮೈಕ್ರೋಡಿಸ್ಕೆಕ್ಟಮಿ ಎಂಬ ಈ ಆಪರೇಷನ್ನಿನಲ್ಲಿ ಸಣ್ಣ ಗಾಯ ಮಾಡಿ, ನರವನ್ನು ಒತ್ತುತ್ತಿರುವ ಚೂರನ್ನಷ್ಟೇ ತೆಗೆಯುತ್ತಾರೆ. ಹೆಚ್ಚಿನವರು ಮರುದಿನದೊಳಗೆ ಎದ್ದು ನಡೆಯುತ್ತಾರೆ. "ಬೆನ್ನಿಗೆ ಕತ್ತಿ ಹಾಕಿಸಿದರೆ ಜೀವನಪೂರ್ತಿ ಹಾಸಿಗೆ" ಎಂಬ ಮಾತು ಯಾವ ಕಾಲದ್ದೋ.

ವಿರೋಧ: ಎಷ್ಟು ಸೋತಿದೆ ಎಂದು ಮೊದಲು ಹೇಳಿ

ವೈದ್ಯರು ಸ್ನಾಯುಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. 5 ಎಂದರೆ ಪೂರ್ತಿ ಬಲ, 3 ಎಂದರೆ ತನ್ನ ಭಾರವನ್ನಷ್ಟೇ ಎತ್ತಬಲ್ಲದು. ಪರವಾಗಿ ಬರೆದವರು ಹೆದರಿಸಿದ್ದು 3ಕ್ಕಿಂತ ಕೆಳಗಿನವರ ಕಥೆ ಹೇಳಿ. ಹೆಬ್ಬೆರಳು ತುಸು ಸಡಿಲವಾದ 4ನೇ ಅಂಕದವರನ್ನೂ, ಬಲ ಪೂರ್ತಿ ಇದ್ದು ಬರೀ ಜೋಮು ಇರುವವರನ್ನೂ ಅದೇ ಆಪರೇಷನ್ ಥಿಯೇಟರಿಗೆ ತಳ್ಳುವುದು ಯಾವ ನ್ಯಾಯ?

ಅದೇ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಸಣ್ಣಪುಟ್ಟ ಬಲಹೀನತೆ ಇದ್ದವರು ಸಾಕಷ್ಟು ಮಂದಿ ಇದ್ದರು. ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪಿನಲ್ಲಿ ಸುಮಾರು ಶೇ 95 ಮಂದಿ ಚೇತರಿಸಿಕೊಂಡಿದ್ದರು. ಕಾಯಲು ಹೇಳಿದವರಲ್ಲಿ ಶೇ 39 ಮಂದಿಗೆ ಕೊನೆಗೂ ಆಪರೇಷನ್ ಬೇಕಾಯಿತು, ನಿಜ. ಉಳಿದವರಿಗೆ ಬೇಕಾಗಲಿಲ್ಲವಲ್ಲ! ನಾರ್ವೆಯ ವೈದ್ಯ ವೆಬರ್ ಇಂಥ 126 ಜನರನ್ನು 10 ವರ್ಷ ಹಿಂಬಾಲಿಸಿ 1983ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ: ಮೊದಲ ವರ್ಷ ಆಪರೇಷನ್ ಮುಂದೆ, 4 ವರ್ಷ ಕಳೆದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಹೊರಗೆ ಚಾಚಿದ ಡಿಸ್ಕ್ ತುಂಡನ್ನು ದೇಹ ಪರಕೀಯವೆಂದು ಗುರುತಿಸಿ ಬಹಳ ಸಲ ತಾನೇ ಕರಗಿಸುತ್ತದೆ. ವಿಚಿತ್ರವೆಂದರೆ, ಬರೀ ಉಬ್ಬಿದ ಡಿಸ್ಕಿಗಿಂತ ಹರಿದು ಹೊರಬಿದ್ದ ದೊಡ್ಡ ತುಂಡೇ ಹೆಚ್ಚಾಗಿ ಕರಗುವುದು. ಸ್ಕ್ಯಾನಿನಲ್ಲಿ ನೋಡಿ ಎದೆ ಒಡೆದುಕೊಳ್ಳುವುದು ಮಾತ್ರ ಅದನ್ನೇ.

ಸ್ಕ್ಯಾನಿನ ಬಗ್ಗೆ ಇನ್ನೊಂದು ಮಾತು. ನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲಿ 20ರ ವಯಸ್ಸಿನವರಲ್ಲೇ ಶೇ 30, 50ರವರಲ್ಲಿ ಶೇ 60 ಮಂದಿಗೆ ಡಿಸ್ಕ್ ಉಬ್ಬಿತ್ತು. ಹಾಗಿರುವಾಗ ಸಕ್ಕರೆ ಕಾಯಿಲೆಯಿಂದ ಎರಡೂ ಅಂಗಾಲು ಜೋಮು ಹಿಡಿದವರು ಎಂಆರ್‌ಐ ಮಾಡಿಸಿದರೆ ಅಲ್ಲೊಂದು ಉಬ್ಬು ಸಿಕ್ಕೇ ಸಿಗುತ್ತದೆ. ಅದನ್ನು ಕೆತ್ತಿ ತೆಗೆದರೆ ಅಂಗಾಲಿಗೆ ಏನು ಬಂತು? ಡಿಸ್ಕಿನದೇ ಜೋಮಾದರೂ ಆಪರೇಷನ್ನಿನಿಂದ ಮೊದಲು ಹೋಗುವುದು ಕಾಲಿನ ನೋವು. ಜೋಮು ಎಲ್ಲಕ್ಕಿಂತ ನಿಧಾನ, ಕೆಲವರಲ್ಲಿ ಉಳಿದೇಬಿಡುತ್ತದೆ. ತೆಗೆದ ಜಾಗದಲ್ಲೇ ಡಿಸ್ಕ್ ಮತ್ತೆ ಜಾರುವುದೂ ಉಂಟು.

ನಾಟಿ ವೈದ್ಯರ ಬಳಿ ಸೊಂಟ ಎಳೆಸುವುದನ್ನು ನಾನೂ ಒಪ್ಪುವುದಿಲ್ಲ. ಅದಕ್ಕೆ ಮದ್ದು ಆತುರದ ಆಪರೇಷನ್ ಆಗಬೇಕಿಲ್ಲ. ವಾರಗಟ್ಟಲೆ ಮಲಗದೆ ಆದಷ್ಟು ಓಡಾಡುವುದು, ನೋವಿಗೆ ಮಾತ್ರೆ, ಫಿಸಿಯೋಥೆರಪಿ, ಜೊತೆಗೆ ಒಬ್ಬರೇ ವೈದ್ಯರು ಮತ್ತೆ ಮತ್ತೆ ಬಲ ಅಳೆದು ಬರೆದಿಡುವುದು. ಮನೆಯಲ್ಲೂ ನೋಡಿಕೊಳ್ಳಬಹುದು: ಗೋಡೆಯ ಪಕ್ಕ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ಒಂಟಿಕಾಲಿನ ತುದಿಯಲ್ಲಿ ಏಳುವುದು, ಹೆಬ್ಬೆರಳನ್ನು ಇನ್ನೊಬ್ಬರ ಕೈಗೆ ಎದುರಾಗಿ ಮೇಲೆತ್ತುವುದು. ನಿನ್ನೆ ಆಗುತ್ತಿದ್ದದ್ದು ಇವತ್ತು ಆಗದಿದ್ದರೆ, ಪಾದ ಜೋತುಬಿದ್ದರೆ, ನಾನೂ ಕಾಯಲು ಹೇಳುವವನಲ್ಲ.