ನಮ್ಮತ್ರ ಕೇಳಿದ್ದು ಯಾರು?

ಶಾಲೆಯ ಮೀಟಿಂಗ್‌ನಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳಿಗೆ ಕನ್ನಡ ಬಾರದ ಮಾಷ್ಟ್ರು ಬಂದ ಕತೆ ನಿಮಗೆಲ್ಲ ಗೊತ್ತೇ ಇದೆ. ಅದರ ಬಗ್ಗೆ ನಾವು ಕೊಟ್ಟ ಮನವಿಗೆ ಮೇಲಿನಿಂದ ಇಂಗ್ಲಿಷಿನಲ್ಲಿ ಉತ್ತರ ಬಂದಿದೆ. ಪೋಷಕರ ಜೊತೆ ಡಿಸ್ಕಸ್ ಮಾಡಲಾಗಿದೆಯಂತೆ. ಓದಿ ಅರ್ಥ ಹೇಳಿದೆ. ಮೊಮ್ಮಗಳ ಚೀಲ ತೊಡೆ ಮೇಲಿಟ್ಟುಕೊಂಡು ಹಿಂದಿನ ಬೆಂಚಲ್ಲಿ ಕೂತಿದ್ದ ಅಜ್ಜ ಎದ್ದು ನಿಂತರು. "ನಮ್ಮತ್ರ ಕೇಳಿದ್ದು ಯಾರು ಮಾರಾಯ್ರೆ?"

ಅಷ್ಟೇ ವಿಷಯ. ಕರೆದು ಕೂರಿಸಿ, ಹೀಗೆ ಮಾಡಿದ್ದೇವೆ ಅಂತ ಹೇಳಿ, ಚಾ ಕೊಟ್ಟು ಕಳಿಸಿದರು. ಅದು ಇನ್ಫಾರ್ಮ್. ಡಿಸ್ಕಸ್ ಅಂದರೆ ಎರಡೂ ಕಡೆಯವರು ಬಾಯಿ ಬಿಡಬೇಕು. ಕನ್ಸಲ್ಟ್ ಅಂದರೆ ತೀರ್ಮಾನಕ್ಕೆ ಮುಂಚೆ ನಮ್ಮನ್ನು ಕೇಳಬೇಕು. ನೆಗೋಷಿಯೇಟ್ ಅಂದರೆ ಅವರೂ ಸ್ವಲ್ಪ ಬಿಡಬೇಕು, ನಾವೂ ಬಿಡಬೇಕು. ಯಕ್ಷಗಾನ ತಾಳಮದ್ದಳೆಯ ಮಾತುಗಾರಿಕೆ ಕೇಳಿ ಬೆಳೆದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾ? ಅರ್ಧ ರಾಜ್ಯ ಕೇಳಬೇಕಾದವರ ಪರವಾಗಿ ಕೃಷ್ಣ ಐದು ಊರಿಗೆ ಇಳಿದದ್ದು ಸಂಧಾನ. ಗೆಲ್ಲಲೇಬೇಕು ಅಂತ ಆಡಿದರೆ ವಾದ, ಅದು ಡಿಬೇಟ್. ಊಟ ಆದಮೇಲೆ ಜಗಲಿಯಲ್ಲಿ ಹೊಡೆಯುವುದು ಪಟ್ಟಾಂಗ.

ತಪ್ಪು ನನ್ನದೂ ಇದೆ. ಜೂನ್‌ನಲ್ಲಿ ಕೊಟ್ಟ ಮನವಿ ಬರೆದದ್ದು ನಾನೇ. 'ಡಿಸ್ಕಸ್ ಅಬೌಟ್' ಅಂತ ಬರೆದಿದ್ದೆ. ಡಿಸ್ಕಸ್ ಆದಮೇಲೆ ಅಬೌಟ್ ಬೇಡ. ನಮ್ಮ 'ಬಗ್ಗೆ' ಅಲ್ಲಿ ನುಸುಳಿದ್ದು. ಅದರಿಂದ ಯಾರಿಗೂ ನಷ್ಟ ಇಲ್ಲ. ನೇಮಕಕ್ಕೆ ಮುಂಚೆ ಕನ್ಸಲ್ಟ್ ಮಾಡಿ ಅಂತ ಬರೆಯಲಿಲ್ಲ ನೋಡಿ, ನಷ್ಟ ಅಲ್ಲಿ ಆಯಿತು. ಡಿಸ್ಕಶನ್ ಕೇಳಿದ್ರಿ, ಕೊಟ್ಟೆವು ಅನ್ನುತ್ತದೆ ಅವರ ಕಾಗದ. ರಾತ್ರಿ ಎಲ್ಲ ಅದೇ ತಲೆಯಲ್ಲಿ ಕೊರೆಯುವುದು ಖಂಡಿತ.

ಇಂಗ್ಲಿಷ್ ನಮ್ಮ ಭಾಷೆಯಲ್ಲ, ಅರ್ಥ ಆದರೆ ಸಾಕು ಅಂತ ಸ್ನೇಹಿತರೊಬ್ಬರು ಸಮಾಧಾನ ಹೇಳಿದರು. ಬೇರೆ ಊರಲ್ಲಿ ಸಾಕಾಗಬಹುದು. ಕಾಸರಗೋಡಲ್ಲಿ ಸಾಲದು. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಲಿ ಅಂತ ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರಲ್ಲೇ ಶಿಫಾರಸು ಮಾಡಿತ್ತು. ನಾವು ಈಗಲೂ ಕೇರಳದಲ್ಲೇ ಇದ್ದೇವೆ. ಶಿಫಾರಸು ಬೇರೆ, ತೀರ್ಮಾನ ಬೇರೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಗದದ ಒಂದು ಪದದ ಮೇಲೆ ನಮ್ಮ ಮಕ್ಕಳ ಒಂದು ವರ್ಷ ನಿಂತಿರುತ್ತದೆ. ಗಣಿತದ ಲೆಕ್ಕ ಅರ್ಥ ಆಗದೆ ಸುಮ್ನೆ ಬೋರ್ಡ್ ನೋಡಿ ನಕಲು ಮಾಡಿಕೊಂಡ ನೋಟ್‌ಬುಕ್ ಇವತ್ತು ನೋಡಿದೆ. ಹೊಟ್ಟೆ ಉರಿಯಿತು.

ಹೊಸ ಮನವಿ ಬರೆಯುತ್ತಿದ್ದೇನೆ. ಮೊದಲ ಸಾಲು ಅಜ್ಜನದ್ದೇ, ಇಂಗ್ಲಿಷಿನಲ್ಲಿ: ವಿ ವರ್ ನಾಟ್ ಕನ್ಸಲ್ಟೆಡ್. ಕೆಳಗೆ ಕನ್ನಡದಲ್ಲೂ ಇರುತ್ತದೆ. ನಾಳೆ ಬೆಳಗ್ಗೆ ಹತ್ತಕ್ಕೆ ಶಾಲೆಯ ಗೇಟಿನ ಹತ್ತಿರ ಇರುತ್ತೇನೆ. ಓದಿ ನೋಡಿಯೇ ಸಹಿ ಹಾಕಿ.