ಸೆಕೆ ಆದದ್ದು ಡಬ್ಬಿಗೆ ಮಾತ್ರ

ಈಗಷ್ಟೇ ಮಂಗಳೂರಿನ ಒಂದು ಮದುವೆ ಮುಗಿಸಿ ಬಂದೆ. ಹೊರಗೆ ಮೇ ತಿಂಗಳ ಸೆಕೆ. ಒಳಗೆ ಅಜ್ಜಿಯಂದಿರು ಸೆರಗು ಹೊದ್ದು ನಡುಗುತ್ತಾ ಕೂತಿದ್ದರು. ಎಂತ ಅವಸ್ಥೆ ಮಾರಾಯ್ರೆ!

ಹಳೇ ಚಾಳಿ ನೋಡಿ. ಧಾರೆ ನೋಡುವುದು ಬಿಟ್ಟು, ಹಾಲ್ ಎಷ್ಟು ಬಿಸಿ ಅಂತ ಎಸಿಗೆ ಹೇಳುವ ಸೆನ್ಸರ್ ಹುಡುಕಿದೆ. ವೇದಿಕೆ ಪಕ್ಕದ ಗೋಡೆಯಲ್ಲಿ ಒಂದೇ ಒಂದು ಬಿಳಿ ಡಬ್ಬಿ. ಅದರ ಮುಖಕ್ಕೇ ವಿಡಿಯೋದವರ ಲೈಟು. ಮುಟ್ಟಿದರೆ ಬಿಸಿ! ಇಡೀ ಹಾಲ್‌ನಲ್ಲಿ ಸೆಕೆ ಆದದ್ದು ಆ ಡಬ್ಬಿಗೆ ಮಾತ್ರ.

ಮ್ಯಾನೇಜರಿಗೆ ಹೇಳಿದೆ. "24ರಲ್ಲೇ ಇಟ್ಟಿದ್ದೇವೆ ಸಾರ್, ಕರೆಂಟ್ ಉಳಿಸ್ಲಿಕ್ಕೆ" ಅಂದರು. ಉಳಿಯಿತು ಬಿಡಿ.

ನಾನು ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ಸೆಕ್ಷನ್‌ನಲ್ಲಿ ಸವೆದವನು, ನಿಮಗೆ ಗೊತ್ತೇ ಇದೆ. ಅಲ್ಲಿ ಉಗಿ ಪೈಪಿನ ಉದ್ದಕ್ಕೂ ಕೂದಲಿನಷ್ಟು ಸಪೂರದ ಗಾಜಿನ ಎಳೆ, ಅಂದರೆ ಫೈಬರ್, ಎಳೆಯುತ್ತಾರೆ. ಒಂದು ತುದಿಯಿಂದ ಲೇಸರ್ ಬಿಟ್ಟರೆ ದಾರಿಯುದ್ದಕ್ಕೂ ಚೂರು ಚೂರು ಬೆಳಕು ಚದುರಿ ವಾಪಸ್ ಬರುತ್ತದೆ. ಅದರಲ್ಲಿ ಬಣ್ಣ ಬದಲಾದ ಪಾಲು ನೋಡಿದರೆ ಬಿಸಿ ಎಷ್ಟು ಅಂತ ಗೊತ್ತಾಗುತ್ತದೆ. ಬರಲು ಹಿಡಿದ ಹೊತ್ತು ನೋಡಿದರೆ ಎಲ್ಲಿ ಅಂತ. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದದ್ದು ಇದೇ ಚದುರುವಿಕೆ. ಕಿಲೋಮೀಟರ್‌ಗಟ್ಟಲೆ ಪೈಪಿನಲ್ಲಿ ಹೊದಿಕೆ ಹರಿದು ಶಾಖ ಸೋರುವ ಜಾಗವನ್ನು ಹೆಚ್ಚುಕಮ್ಮಿ ಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ. ಎಳೆಯೊಳಗೆ ಕರೆಂಟೇ ಇಲ್ಲ, ಹಾಗಾಗಿ ಟ್ರಾನ್ಸ್‌ಫಾರ್ಮರ್‌ನ ಸುರುಳಿಯ ಒಳಗೂ ಇಡಬಹುದು. ಇಲ್ಲಿ? 500 ಜನರಿಗೆ ಒಂದು ಡಬ್ಬಿ. ಅದೂ ಲೈಟಿನ ಎದುರು.

"ಮಾವ, ಫೈಬರ್ ಓದುವ ಮೆಷಿನ್ನಿನ ದುಡ್ಡಲ್ಲಿ ಇನ್ನೊಂದು ಮದುವೆ ಆಗ್ತದೆ" ಅಂತ ಅಳಿಯ ನಕ್ಕ. ಆಗಲಿ ಮಾರಾಯ, ಹಾಲ್‌ಗೆ ಫೈಬರ್ ಹಾಕಿ ಅಂತ ನಾನು ಹೇಳಿದೆನಾ? ಇನ್ನೂ ಎರಡು ಡಬ್ಬಿ ಹಾಕಿ ಅಂದೆ. ಆ ಲೈಟನ್ನಾದರೂ ಸರಿಸಿ ಅಂದೆ. ಎಸಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ, ಬಿಸಿ ಎಲ್ಲಿದೆ ಅಂತ ನೋಡುವ ಕಣ್ಣಿಗೆ ಮಾತ್ರ ಜಿಪುಣತನ.

ಹೆಂಡತಿ ಕಾಮೆಂಟ್‌ನಲ್ಲಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಮ್ಮ ಫ್ರಿಜ್ಜಿನ ಬಾಗಿಲ ರಬ್ಬರ್ ಹರಿದು ಎರಡು ವರ್ಷ ಆಯ್ತು. ಅದನ್ನು ಕಂಡುಹಿಡಿಯಲು ಲೇಸರ್ ಬೇಡ, ಕೈ ಸಾಕು. ಹಾಕಿಸಿಲ್ಲ.

ವಿಡಿಯೋದವರು ಊಟಕ್ಕೆ ಹೋದಾಗ ಲೈಟನ್ನು ನಾನೇ ಸುಮ್ನೆ ಆಚೆ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಎಸಿಯ ಸದ್ದು ಇಳಿಯಿತು. ಅಜ್ಜಿಯೊಬ್ಬರು ಸೆರಗು ಸಡಿಲಿಸಿದರು. ಆಮೇಲೆ ಆ ಹುಡುಗ ಪಾಯಸ ಮುಗಿಸಿ ಬಂದ, ಲೈಟನ್ನು ಮತ್ತೆ ಮೊದಲಿದ್ದಲ್ಲೇ ಇಟ್ಟ.