ತಟ್ಟೆ ಬಾರಿಸುವವರಿದ್ದಾರೆ, ಎಚ್ಚರಿಕೆ

ಗಿಡುಗ ಬೇಟೆಯಾಡಿದರೆ ಬರುವ ಸಿಟ್ಟು ಒಂದು ಬಗೆ. ಬೇಟೆಯಾಡದೆ ಸುಮ್ಮನೆ ಕೂತರೆ ಬರುತ್ತದಲ್ಲ, ಅದು ಮೈಯೆಲ್ಲ ಉರಿಸುವ ಬಗೆ. ಇವತ್ತು ಬೆಳಿಗ್ಗೆ ಅದು ನಮ್ಮ ಹಿತ್ತಲಲ್ಲಿ ಹಕ್ಕಿಗಳಿಗೆ ಕಾಳಿಡುವ ಫೀಡರ್ ತೂಗುಹಾಕಿರುವ ಕಂಬದ ತುದಿಗೇ ಬಂದು, ಸಾಲ ವಸೂಲಿಗೆ ಬಂದವನು ಜಗುಲಿಯ ಮೇಲೆ ಕೂರುವ ಹಾಗೆ ಕೂತಿತು. ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಎಳೆದುಕೊಂಡಿತು. ಬಾಲದ ಗರಿಗಳನ್ನು ಒಂದೊಂದಾಗಿ ಕೊಕ್ಕಿನಲ್ಲಿ ತೀಡಿತು. ಬಿಸಿಲಿಗೆ ಬೆನ್ನು ಕೊಟ್ಟಿತು. ಎದ್ದು ಹೋಗುವ ಲಕ್ಷಣವೇ ಇಲ್ಲ. ಕೆಳಗೆ ತುಂಬಿಸಿಟ್ಟ ಕಾಳು ತುಂಬಿದ ಹಾಗೇ ಇದೆ, ಹಿತ್ತಲಲ್ಲಿ ಒಂದು ಚಿಲಿಪಿಲಿ ಇಲ್ಲ.

ಫೀಡರ್ ಕಟ್ಟಿದವರಿಗೆಲ್ಲ ಈ ದಿನಚರಿ ಗೊತ್ತು. ಎದ್ದ ಕೂಡಲೇ, ಮುಖ ತೊಳೆಯುವುದಕ್ಕೂ ಮೊದಲು, ಹಳೆಯ ಸಿಪ್ಪೆ ಕೊಡವಬೇಕು. ಒದ್ದೆಯಾದ ಕಾಳು ಚೆಲ್ಲಬೇಕು. ಬೂಸ್ಟು ಹಿಡಿದದ್ದು ತಿಂದರೆ ಹಕ್ಕಿಗಳಿಗೆ ಕಾಯಿಲೆ. ಹೊಸದು ತುಂಬಬೇಕು, ಅಳಿಲನ್ನು ಗದರಬೇಕು, ಗದರಿಸಿಕೊಳ್ಳುತ್ತಲೇ ಅದು ತಿನ್ನುವುದನ್ನು ನೋಡಬೇಕು. ಆಮೇಲೆ ಗುಬ್ಬಿಗಳು ಬರುತ್ತವೆ, ಜಗಳವಾಡಲಿಕ್ಕೆ. ಆ ಜಗಳ ಮುಗಿಯಲೆಂದು ಮುನಿಯಗಳು ಪಕ್ಕದ ಕೊಂಬೆಯಲ್ಲಿ ಒತ್ತೊತ್ತಾಗಿ ಕೂತು ಕಾಯುತ್ತವೆ. ಪಿಕಳಾರ ಮಾತ್ರ ಕಾಳಿನ ಕಡೆ ನೋಡುವುದಿಲ್ಲ. ಪಕ್ಕದಲ್ಲಿಟ್ಟ ಹಣ್ಣಿನ ಚೂರಿಗೆ ಬಂದು, ಜುಟ್ಟು ನಿಮಿರಿಸಿ, ಎಲ್ಲರ ಬಗ್ಗೆಯೂ ಏನೋ ಒಂದು ಅಂದು ಹೋಗುತ್ತದೆ. ದಿನದಲ್ಲಿ ಇಷ್ಟು ಹೊತ್ತು ನನ್ನದು. ಮಿಕ್ಕಿದ್ದೆಲ್ಲ ಮನೆಯವರದ್ದು.

ಬರುವ ಗಿಡುಗ ಶಿಕ್ರಾ. ಹೆಚ್ಚುಕಡಿಮೆ ಪಾರಿವಾಳದ ಗಾತ್ರ, ಬೂದು ಬೆನ್ನು, ಎದೆಯ ಮೇಲೆ ಸಣ್ಣ ಸಣ್ಣ ಕೆಂಗಂದು ಪಟ್ಟೆ, ಗಂಡಾದರೆ ಕೆಂಪು ಕಣ್ಣು. ಅಮೆರಿಕದವರ ಹಿತ್ತಲಲ್ಲಿ ಇದೇ ಕೆಲಸಕ್ಕೆ ಕೂಪರ್ಸ್ ಹಾಕ್ ಇದೆ, ಯೂರೋಪಿನವರಿಗೆ ಸ್ಪ್ಯಾರೋಹಾಕ್. ಎಲ್ಲವಕ್ಕೂ ಚಿಕ್ಕ ದುಂಡು ರೆಕ್ಕೆ, ಉದ್ದ ಬಾಲ. ಕೊಂಬೆಗಳ ಸಂದಿಯಲ್ಲಿ ವೇಗ ತಗ್ಗಿಸದೆ ಹೊರಳಲು ಹೇಳಿ ಮಾಡಿಸಿದ ಮೈ. ಎಲೆಮರೆಯಲ್ಲಿ ಹೊಂಚು ಹಾಕಿ, ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ಹಾರಿ, ಬೇಲಿಯ ಆಚೆಯಿಂದ ಸರಕ್ಕನೆ ಎದ್ದು ಹಿಡಿಯುವುದು ಇವುಗಳ ವರಸೆ. ಮೇಲೆ ಆಕಾಶದಲ್ಲಿ ಗಂಟೆಗಟ್ಟಲೆ ಸುತ್ತು ಹೊಡೆಯುವುದು ಹದ್ದು. ಅದಕ್ಕೆ ಸತ್ತದ್ದು, ಎಸೆದದ್ದು, ಇಲಿ ಹೆಗ್ಗಣ ಸಿಕ್ಕಿದರೆ ಸಾಕು. ಇದನ್ನು ನಮ್ಮ ಮನೆಯವರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

ಅವರು ಹಕ್ಕಿಗಳ ರಕ್ಷಣೆಯ ಹೊಣೆ ಹೊತ್ತಿದ್ದಾರೆ. ಯಾರೂ ಹೊರಿಸಿದ್ದಲ್ಲ. ಹಿತ್ತಲ ಬಾಗಿಲ ಹಿಂದೆ ಒಂದು ಸ್ಟೂಲು, ಕೈಯಲ್ಲಿ ಸ್ಟೀಲ್ ತಟ್ಟೆ, ಇನ್ನೊಂದು ಕೈಯಲ್ಲಿ ಸೌಟು. ಅದೂ ನಾನು ಸಾರಿಗೆ ಇಡುವ ಸೌಟೇ ಆಗಬೇಕು, ಬೇರೆಯದಕ್ಕೆ ಅಂಥ ನಾದ ಬರುವುದಿಲ್ಲವಂತೆ. ಹದ್ದು ಹಾರಿದರೆ ತಟ್ಟೆ. ಕಾಗೆ ಹಾರಿದರೆ ತಟ್ಟೆ. ವಿಮಾನದ ನೆರಳು ಅಂಗಳ ದಾಟಿದರೂ ತಟ್ಟೆ. ಒಮ್ಮೆ ಮಹಡಿಯಿಂದ ಹಾರಿ ಬಿದ್ದ ನನ್ನದೇ ದುಪಟ್ಟಾಕ್ಕೆ ತಟ್ಟೆ ಬಾರಿಸಿದರು. ಕೋಗಿಲೆಯ ನೆಂಟನೊಂದಿದೆ, ಬಣ್ಣ, ಬಾಲ, ಹಾರುವ ಭಂಗಿ ಎಲ್ಲ ಶಿಕ್ರಾದ್ದೇ ನಕಲು ಮಾಡಿಕೊಂಡು ಹರಟೆಮಲ್ಲಗಳ ಗೂಡಿಗೆ ಮೊಟ್ಟೆ ಇಡುತ್ತದೆ. ಅದಕ್ಕೆ ಮೋಸ ಹೋದರೆ ಹೋಗಲಿ, ಹರಟೆಮಲ್ಲಗಳೇ ಹೋಗುತ್ತವೆ. ಆದರೆ ದುಪಟ್ಟಾ?

"ರೀ, ನೋಡಿ ಬಾರಿಸಿ" ಅಂದರೆ, "ನೋಡ್ತಾ ಕೂತ್ರೆ ಅಷ್ಟ್ರಲ್ಲಿ ಹೊತ್ಕೊಂಡು ಹೋಗಿರುತ್ತೆ ಕಣೇ" ಅನ್ನುತ್ತಾರೆ.

ಚಿಕಡೀ ಅಂತ ಒಂದು ಹಕ್ಕಿ ಇದೆ, ಅಮೆರಿಕದ್ದು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟದು. ವೈರಿ ಕಂಡರೆ ಅದು ಕೂಗುವಾಗ ಕೊನೆಯಲ್ಲಿ 'ಡೀ ಡೀ' ಸೇರಿಸುತ್ತದೆ. ದೊಡ್ಡ ಗೂಬೆಗೆ ಕಡಿಮೆ ಡೀ, ಪುಟ್ಟ ಗೂಬೆಗೆ ಹೆಚ್ಚು ಡೀ. ಏಕೆಂದರೆ ದೊಡ್ಡದಕ್ಕೆ ಚಿಕಡೀಯನ್ನು ಅಟ್ಟಿ ಹಿಡಿಯುವ ಚುರುಕಿಲ್ಲ, ನಿಜವಾದ ಅಪಾಯ ಪುಟ್ಟದರಿಂದ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಬಂದಿದೆ. ಆ ಹಕ್ಕಿಯ ತಲೆ ಎಷ್ಟಿದ್ದೀತು! ನಾನು ಇದನ್ನು ಓದಿ ಹೇಳಿದೆ. ಕೇಳಿದರು, ತಲೆದೂಗಿದರು, ಅಷ್ಟರಲ್ಲಿ ಒಂದು ಕೊಕ್ಕರೆ ಹಾರಿತು, ಬಾರಿಸಿದರು.

ಸುಳ್ಳು ಎಚ್ಚರಿಕೆ ಕೊಡುವ ಹಕ್ಕಿಯೂ ಇಲ್ಲದಿಲ್ಲ. ಆಫ್ರಿಕಾದ ಕಲಹರಿಯಲ್ಲಿ ಕಾಜಾಣ "ಗಿಡುಗ ಬಂತು" ಎಂದು ಕೂಗಿ, ಮುಂಗುಸಿ ಜಾತಿಯ ಮೀರ್ಕ್ಯಾಟ್‌ಗಳು ಹೆದರಿ ಬಿಲಕ್ಕೆ ಓಡಿದಾಗ ಅವು ಬಿಟ್ಟುಹೋದ ಹುಳುವನ್ನು ಎತ್ತಿಕೊಳ್ಳುತ್ತದೆ. ಅದಕ್ಕೊಂದು ಲಾಭವಾದರೂ ಇದೆ. ಇವರದು ಶುದ್ಧ ಸಮಾಜಸೇವೆ.

ಆ ಸೇವೆ ಶಿಖರ ಮುಟ್ಟಿದ ದಿನದ ಕಥೆ ಹೇಳಲೇಬೇಕು. ಆವತ್ತು ಶಿಕ್ರಾ ನಿಜಕ್ಕೂ ಬಂದಿತ್ತು, ಎಲೆಗಳ ನಡುವೆ ಬಾಲವೊಂದೇ ಕಾಣುವ ಹಾಗೆ. ಹಕ್ಕಿಗಳಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು. ಗಿಡುಗ ಕಂಡಾಗ ಎಷ್ಟೋ ಸಣ್ಣ ಹಕ್ಕಿಗಳು 'ಸೀ' ಎಂದು ಬಲು ತೆಳ್ಳಗೆ, ಏರುದನಿಯಲ್ಲಿ ಕೂಗುತ್ತವೆ. ಆ ದನಿ ಎಲ್ಲಿಂದ ಬಂತೆಂದು ಪತ್ತೆಹಚ್ಚುವುದು ಕಷ್ಟ. ಪೀಟರ್ ಮಾರ್ಲರ್ ಎಂಬ ವಿಜ್ಞಾನಿ 1955ರಲ್ಲೇ ಇದನ್ನು ವಿವರಿಸಿದ್ದಾರೆ. ಕೂಗಿ ಮುಗಿಸಿ ಎಲ್ಲವೂ ಪೊದೆಯೊಳಗೆ ಕಲ್ಲಾಗಿಬಿಟ್ಟಿದ್ದವು. ಒಂದು ರೆಪ್ಪೆ ಅಲುಗುತ್ತಿಲ್ಲ. ಗಿಡುಗಕ್ಕೆ ಯಾರೂ ಕಾಣುತ್ತಿಲ್ಲ. ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ಬೇಸತ್ತು ಹೋಗುತ್ತಿತ್ತು. ಗಿಡುಗದ ಪ್ರಯತ್ನಗಳಲ್ಲಿ ಹೆಚ್ಚಿನವು ಹೀಗೇ ನೀರುಪಾಲಾಗುವುದು. ಆಗ ನಮ್ಮವರ ಕಣ್ಣಿಗೆ ಬಹಳ ಮೇಲೆ, ಮೋಡದ ಪಕ್ಕದಲ್ಲಿ, ಒಂದು ಹದ್ದು ಬಿತ್ತು.

ಢಣ್! ಢಣ್! ಢಣ್!

ಪೊದೆ ಸಿಡಿದ ಹಾಗಾಯಿತು. ಗುಬ್ಬಿ, ಮುನಿಯ, ಎಲ್ಲ ದಿಕ್ಕಾಪಾಲು. ಬಾಲ ಮಾತ್ರ ಕಾಣುತ್ತಿದ್ದ ಕಡೆಯಿಂದ ಬೂದು ಗೆರೆಯೊಂದು ಎಳೆದಂತಾಯಿತು, ಒಂದು ಮುನಿಯ ಗಾಳಿಯಲ್ಲೇ ಇಲ್ಲವಾಯಿತು. ನಮ್ಮವರಿಗೆ ಅದು ಕಾಣಲಿಲ್ಲ. ಅವರ ಕಣ್ಣು ಇನ್ನೂ ಮೋಡದಲ್ಲಿತ್ತು. ಹದ್ದು ತನ್ನ ಪಾಡಿಗೆ ತಾನು ದೂರ ಸರಿಯಿತು. "ನೋಡಿದ್ಯಾ, ಹೆಂಗೆ ಓಡ್ಸಿದೆ!" ಎಂದು ಗೆಲುವಿನ ಗತ್ತಿನಲ್ಲಿ ಇನ್ನೆರಡು ಏಟು ಹಾಕಿದರು. ಅಂದಿನಿಂದ ನನಗೊಂದು ಗುಮಾನಿ. ತಟ್ಟೆ ಸದ್ದಾದರೆ ಹಾರಿಹೋಗಬೇಕಾದ ಶಿಕ್ರಾ, ಈಗ ತಟ್ಟೆ ಸದ್ದಾಗುವ ಹೊತ್ತಿಗೇ ಬರುತ್ತಿದೆ.

ಪ್ಲಾಸ್ಟಿಕ್ ಗೂಬೆಯ ಪ್ರಕರಣ ಚಿಕ್ಕದು. ತಂದು ನಿಲ್ಲಿಸಿದರು. ಪಿಕಳಾರಗಳು ಬರುವುದು ನಿಂತಿತು. ಗಿಡುಗ ಸ್ವಲ್ಪ ದಿನ ದೂರದಿಂದ ನೋಡಿತು, ಗೂಬೆ ಕತ್ತು ತಿರುಗಿಸುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ ಅದರ ತಲೆಯ ಮೇಲೆಯೇ ಕೂತು ಬೇಟೆಯ ಪುಕ್ಕ ಕಿತ್ತಿತು.

ನಮ್ಮತ್ತೆ ಈ ಗಲಾಟೆಯಲ್ಲಿ ಗಿಡುಗದ ಪಕ್ಷ. "ಅದಕ್ಕೂ ಮರಿ ಇರಲ್ವೇನಮ್ಮಾ, ಅದೇನು ನಿನ್ನ ಕಾಳು ತಿಂದು ಬದುಕತ್ತಾ?" ಅನ್ನುತ್ತಾರೆ. ಅವರ ಬಾಯಿಗೆ ನನ್ನ ಹತ್ತಿರ ಉತ್ತರವಿಲ್ಲ. 1950–60ರ ದಶಕಗಳಲ್ಲಿ ಡಿಡಿಟಿಯಂಥ ಕೀಟನಾಶಕಗಳು ಬೇಟೆಹಕ್ಕಿಗಳ ಮೈ ಸೇರಿ, ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆದುಹೋಗುತ್ತಿದ್ದವಂತೆ. ಪೂರ್ವ ಇಂಗ್ಲೆಂಡಿನಲ್ಲಿ ಸ್ಪ್ಯಾರೋಹಾಕ್ ಬಹುತೇಕ ಇಲ್ಲವೇ ಆಗಿತ್ತು. ಅಲ್ಲಿ ಆಗ ಯಾವಳೋ ನನ್ನಂಥವಳು ಎಷ್ಟು ನಿಶ್ಚಿಂತೆಯಿಂದ ಕಾಳು ಹಾಕುತ್ತಿದ್ದಳೋ, ಯಾರ ವಿಷದ ಪುಣ್ಯದಿಂದ ಆ ನಿಶ್ಚಿಂತೆ ಎಂದು ತಿಳಿಯದೆ. ಇದನ್ನು ಓದಿದ ಮೇಲೆ ಕಂಬದ ತುದಿಯಲ್ಲಿ ಕೂತದ್ದನ್ನು ಬಾಯಿತುಂಬ ಬೈಯಲೂ ಆಗುತ್ತಿಲ್ಲ. ಅರ್ಧ ಬೈದು ನಿಲ್ಲಿಸುತ್ತೇನೆ.

ಬಲ್ಲವರು ಹೇಳುವ ಮದ್ದು ಒಂದೇ: ಒಂದೆರಡು ವಾರ ಫೀಡರ್ ಇಳಿಸಿಬಿಡಿ, ಗುಬ್ಬಿಗಳು ಚದುರಿದರೆ ಗಿಡುಗವೂ ಬೇರೆ ದಾರಿ ನೋಡಿಕೊಳ್ಳುತ್ತದೆ. ಹಕ್ಕಿಗಳು ಹಸಿದು ಸಾಯುವುದಿಲ್ಲ, ಹೊರಗೆ ಅವಕ್ಕೆ ಬೇಕಾದಷ್ಟಿದೆ, ನನ್ನ ಕಾಳನ್ನೇ ನಂಬಿ ಅವೇನೂ ಕೂತಿಲ್ಲ. ಸಮಾಧಾನ ಆಗಬೇಕಾದ ಮಾತು. ಆಗಲಿಲ್ಲ. ಇವತ್ತು ಮಧ್ಯಾಹ್ನ ಇಳಿಸಿದೆ.

ಮತ್ತೆ ಕಟ್ಟುವಾಗ ಜಾಗ ಬದಲಾಗಬೇಕು. ಅಡಗಲು ಪೊದೆ ಹತ್ತಿರ ಇರಬೇಕು, ಬೆಕ್ಕು ಹೊಂಚು ಹಾಕುವಷ್ಟು ಹತ್ತಿರ ಬೇಡ. ಸುಮಾರು 3 ಮೀಟರ್ ಅನ್ನುತ್ತಾರೆ. ಹೆದರಿ ಹಾರಿದ ಹಕ್ಕಿ ಗಾಜಿಗೆ ಬಡಿಯಬಾರದೆಂದರೆ ಕಿಟಕಿಯಿಂದ 1 ಮೀಟರಿನ ಒಳಗಿರಬೇಕು, ಇಲ್ಲವೇ 10 ಮೀಟರ್ ಆಚೆ. ನಮ್ಮವರಿಗೆ ಹೊಸ ಕೆಲಸ ಸಿಕ್ಕಿದೆ. ಸಂಜೆಯಿಡೀ ಟೇಪು ಹಿಡಿದು ಪೊದೆಯಿಂದ ಕಿಟಕಿಗೆ, ಕಿಟಕಿಯಿಂದ ಗೋಡೆಗೆ ಅಳೆದು, ಸೀಮೆಸುಣ್ಣದಲ್ಲಿ ವೃತ್ತ ಎಳೆದು, ಎಲ್ಲ ಷರತ್ತೂ ಹೊಂದುವುದು ಹಿತ್ತಲಲ್ಲಿ ಒಂದೇ ಜಾಗ ಎಂದು ಘೋಷಿಸಿದರು. ನಾನು ಬಟ್ಟೆ ಒಣಹಾಕುವ ತಂತಿ ಇರುವ ಜಾಗ. ಬಿಟ್ಟುಕೊಡುವ ಮಾತೇ ಇಲ್ಲ ಅಂದಿದ್ದೇನೆ. "ಸ್ವಲ್ಪ ದಿನ ಮಹಡಿ ಮೇಲೆ ಒಣಹಾಕು" ಅನ್ನುತ್ತಿದ್ದಾರೆ. ದುಪಟ್ಟಾ ಹಾರಿ ಬಿದ್ದರೆ ಯಾರು ಏನು ಬಾರಿಸುತ್ತಾರೆ ಎಂದು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.